ಮುಟ್ಟಿ ನೋಡುವ ಎಮ್ಮೆ

ನಾನು ಒಂದು ಎಮ್ಮೆ. ಹುಲ್ಲು ಮೇಯುವುದಿಲ್ಲ, ಹಾಲು ಕೊಡುವುದಿಲ್ಲ. ಆದರೂ ನನ್ನ ಮೈದಡವಿದಷ್ಟು ಕೈಗಳು ಧಾರವಾಡದ ಬೇರೆ ಯಾವ ಎಮ್ಮೆಯನ್ನೂ ತಡವಿರಲಾರವು.

ನಾನು ಹುಟ್ಟಿದ್ದು ಒಂದು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ನನ್ನನ್ನು ಮಾಡಿದವಳು ನೀಲಗಂಗಾ, ಚಿತ್ರಕಲಾ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿನಿ. ಪರೀಕ್ಷೆಗೆ ಒಂದು ಶಿಲ್ಪ ಮಾಡಬೇಕಿತ್ತು. "ಏನೂ ಕೊಂಡು ತರಂಗಿಲ್ಲ. ಮನಿಯೊಳಗ ಬ್ಯಾಡಾಗಿ ಬಿದ್ದ ಸಾಮಾನಿನಾಗ ಮಾಡ್ರಿ" ಎಂದಿದ್ದರು ಅವಳ ಮೇಷ್ಟ್ರು ಬಡಿಗೇರ ಸರ್.

ಸೋರುವ ಹಂಡೆ ನನ್ನ ಹೊಟ್ಟೆಯಾಯಿತು. ಹಳೆಯ ಎಣ್ಣೆ ಡಬ್ಬಿ ಮೋರೆ, ಮುರಿದ ಸ್ಟೂಲಿನ ಕಾಲುಗಳೇ ಕಾಲು. ಪಂಕ್ಚರಿನ ತೇಪೆ ತುಂಬಿದ ಸೈಕಲ್ ಟ್ಯೂಬುಗಳನ್ನು ಸೀಳಿ ಮೈಗೆಲ್ಲ ಕರಿ ಚರ್ಮ ಹೊದಿಸಿದಳು. ಸವೆದ ಹವಾಯಿ ಚಪ್ಪಲಿಗಳು ಕಿವಿಗಳಾದವು, ಹರಿದ ಕೊಡೆಗಳ ಹಿಡಿಕೆಗಳು ಕೋಡಾದವು. ಕೆಚ್ಚಲಿಗೆ ಪಕ್ಕದ ಮನೆಯ ಕೂಸಿನ ಹಾಲಿನ ಬಾಟಲಿಯ ನಾಲ್ಕು ನಿಪ್ಪಲ್ಲುಗಳು ಬಂದವು. ಕಣ್ಣಿಗೆ ಕುಕ್ಕರಿನ ಎರಡು ಸೀಟಿ.

"ಬ್ಯಾಳಿ ಕುದಿಯಾಕ ಇಟ್ಟೀನಿ, ಮುಂಜಾನಿಂದ ಸೀಟಿ ಹುಡುಕಾಕತ್ತೀನಿ!" ಎನ್ನುತ್ತ ಬಂದ ಅವಳ ಅವ್ವ ಗಿರಿಜವ್ವ, ನನ್ನ ಬಲಗಣ್ಣನ್ನು ಕಿತ್ತುಕೊಂಡು ಹೋದಳು. ನನಗೆ ಅಂಗಿಯ ಗುಂಡಿಯೊಂದು ಕಣ್ಣಾಯಿತು.

ಆ ಮನೆಯಲ್ಲಿ ಕಾಶವ್ವ ಎಂಬ ಅಜ್ಜಿಯಿದ್ದಳು. ಮೂವತ್ತು ವರ್ಷ ಎಮ್ಮೆ ಕಟ್ಟಿ, ಮನೆಮನೆಗೆ ಹಾಲು ಹಾಕಿದವಳು. ರೋಗದಿಂದ ಎರಡೂ ಕಣ್ಣು ಹೋದ ಮೇಲೆ ಎಮ್ಮೆಗಳನ್ನು ಮಾರಬೇಕಾಯಿತು. ಅಂದಿನಿಂದ ಮೂರು ವರ್ಷ ಅವಳು ಹೊಸ್ತಿಲು ದಾಟಿರಲಿಲ್ಲ, ನಕ್ಕಿರಲೂ ಇಲ್ಲ. ನೀಲಗಂಗಾ ಎಮ್ಮೆಯನ್ನೇ ಮಾಡಿದ್ದು ಅವಳಿಗಾಗಿ. ಆದರೆ ಹಳೆಯ ಗಾಯ ಕೆದರಿದಂತಾದರೆ ಎಂಬ ಅಂಜಿಕೆಯಿಂದ ಬಾಯಿಬಿಟ್ಟಿರಲಿಲ್ಲ.

ಪರೀಕ್ಷೆಯ ದಿನ ಮುಂಜಾನೆ ಧೈರ್ಯ ಮಾಡಿ ಅಜ್ಜಿಯ ಮುಂದೆ ಕುಳಿತಳು.

"ಅಜ್ಜೀ, ನಾ ಒಂದು ಎಮ್ಮಿ ಮಾಡೀನಿ. ಖರೇ ಎಮ್ಮಿ ಹಂಗ ಐತೋ ಇಲ್ಲೋ ನಿನ್ನ ಬಿಟ್ಟು ಯಾರನ್ನ ಕೇಳ್ಲಿ?"

ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು. ಆಮೇಲೆ, "ಆ ಇಳಕಲ್ಲ ಸೀರಿ ತಗೊಂಬಾ" ಎಂದಳು.

ಕಾಲೇಜಿನ ಸಭಾಂಗಣದಲ್ಲಿ ಪ್ರತಿ ಶಿಲ್ಪದ ಮುಂದೆ 'ಮುಟ್ಟಬಾರದು' ಎಂಬ ಚೀಟಿಯಿತ್ತು. ಅಜ್ಜಿಗೆ ಚೀಟಿ ಎಲ್ಲಿ ಕಾಣಬೇಕು? ಹೊರಗಿನಿಂದ ಬಂದಿದ್ದ ಪರೀಕ್ಷಕಿ ಅಂಕ ಹಾಕಲು ನನ್ನ ಮುಂದೆ ನಿಂತಿದ್ದಾಗಲೇ ಅಜ್ಜಿ ಕೈಚಾಚಿ ಕೋಡು ಹಿಡಿದು ಎಳೆದಳು. ಅದು ಕಿತ್ತು ಅವಳ ಕೈಗೇ ಬಂತು! ನೀಲಗಂಗಾ ಧಾವಿಸಿ ಬಂದು ಅಜ್ಜಿಯ ತೋಳು ಹಿಡಿದಳು.

"ಬಂದ್ರ ಬರಲಿ ಬಿಡು. ಇದು ಆಕಳ ಕೋಡಾಗಿತ್ತು" ಎಂದಳು ಅಜ್ಜಿ ಸಲೀಸಾಗಿ. "ಎಮ್ಮಿ ಕೋಡು ಮ್ಯಾಲ ನೋಡಂಗಿಲ್ಲವ್ವಾ, ಕುಡಗೋಲಿನಂಗ ಹಿಂದಕ ಬಾಗತೈತಿ. ತಾ ನಿನ್ನ ಕೈ."

ಮೊಮ್ಮಗಳ ಬೆರಳು ಹಿಡಿದು ಕೋಡಿನ ಜಾಗ ತೋರಿಸಿದಳು. ಪರೀಕ್ಷಕಿ ಪೆನ್ನು ಕೆಳಗಿಟ್ಟು, ಮೊಣಕಾಲೂರಿ, ಕೋಡು ಕಟ್ಟಿದ್ದ ತಂತಿಯ ತುದಿ ಹಿಡಿದುಕೊಂಡರು. ಅಜ್ಜಿಯ ಕೈ ಬೆನ್ನು ಸವರಿ ಹೊಟ್ಟೆಗಿಳಿಯಿತು.

"ಹೊಟ್ಟಿ ಛಲೋ ಐತಿ. ಐದು ತಿಂಗಳ ಗಬ್ಬ!"

ಎಲ್ಲರೂ ಗೊಳ್ಳೆಂದು ನಕ್ಕರು. ಕೈ ಕೆಚ್ಚಲಿಗೆ ಬಂದಾಗ ಅಜ್ಜಿಗೆ ಬಾಟಲಿಯ ನಿಪ್ಪಲ್ಲಿನ ಗುರುತು ಹತ್ತಿತು. "ಅಯ್ಯ ಇವಳ! ಯಾವ ಕೂಸಿನ ಬಾಯಾಗಿಂದು ಕಸಗೊಂಡು ಬಂದೀಯೇ?" ಎಂದವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಆ ನಗು ನಿಲ್ಲಲೇ ಇಲ್ಲ. ಅಜ್ಜಿಯನ್ನು ಕರೆತಂದಿದ್ದ ಗಿರಿಜವ್ವ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಡಿಗೇರ ಸರ್ ನನ್ನ ಮುಂದಿನ ಚೀಟಿಯನ್ನು ತಿರುವಿ, ಹಿಂಬದಿಗೆ 'ಮುಟ್ಟಿ ನೋಡಿ' ಎಂದು ಬರೆದಿಟ್ಟರು. ನೀಲಗಂಗಾ ತರಗತಿಗೇ ಮೊದಲಿಗಳಾದಳು.

ಒಂದು ವರ್ಷ ನಾನು ಅಜ್ಜಿಯ ಜೊತೆ ಅಂಗಳದಲ್ಲಿದ್ದೆ. ಅವಳು ದಿನಾ ಹೊಸ್ತಿಲು ದಾಟಿ ಬಂದು ನನ್ನ ಪಕ್ಕ ಕೂತು ಓಣಿಯವರೊಡನೆ ಹರಟುತ್ತಿದ್ದಳು. ಒಂದು ದಿನ ಆ ಪರೀಕ್ಷಕಿ ಅಂಧ ಮಕ್ಕಳ ಶಾಲೆಯ ಟೀಚರನ್ನು ಕರೆತಂದರು. ನನ್ನನ್ನು ಶಾಲೆಗೆ ಕೊಡುವಿರಾ ಎಂದು ಕೇಳಿದರು. ನೀಲಗಂಗಾ ಅಜ್ಜಿಯ ಮುಖ ನೋಡಿದಳು.

"ಕೊಡವ್ವಾ" ಎಂದಳು ಅಜ್ಜಿ. "ಆದ್ರ ಎಮ್ಮಿ ಜೋಡಿ ನಾನೂ ಹೋಗಾಕಿ. ಅದಕ್ಕ ಮಾತು ಬರಂಗಿಲ್ಲ, ಮಕ್ಕಳಿಗೆ ಹೇಳವರು ಬೇಕಲ್ಲ?"

ಹಾಗೆ ನಾನು ಈ ಶಾಲೆಯ ಪಡಸಾಲೆಗೆ ಬಂದೆ. ಪ್ರತಿ ಗುರುವಾರ ಅಜ್ಜಿ ಬಂದು, ಎಮ್ಮೆ ಹೇಗೆ ಕರು ಹಾಕುತ್ತದೆ, ಒದೆಯುವ ಎಮ್ಮೆಯನ್ನು ಹೇಗೆ ರಮಿಸಬೇಕು ಎಂದೆಲ್ಲ ಹೇಳುತ್ತಾಳೆ. ಈಗ ನನಗೆ ವಯಸ್ಸಾಗಿದೆ. ಕಿವಿಗಳನ್ನು ಮೂರು ಸಲ ಬದಲಿಸಿದ್ದಾರೆ. ಸವರಿ ಸವರಿ ಬೆನ್ನಿನ ರಬ್ಬರು ಹರಿದು ಹಂಡೆ ಇಣುಕುತ್ತಿದೆ.

ಹೋದ ತಿಂಗಳು ಮಕ್ಕಳನ್ನು ಹೈನುಗಾರರೊಬ್ಬರ ಕೊಟ್ಟಿಗೆಗೆ ಕರೆದೊಯ್ದಿದ್ದರು. ಎಂಟು ವರ್ಷದ ಹುಟ್ಟುಗುರುಡಿ ಶಿವಲೀಲಾ ತಿರುಗಿ ಬಂದವಳೇ ನನ್ನ ಕೊರಳು ತಬ್ಬಿಕೊಂಡು ಅಜ್ಜಿಗೆ ಕೂಗಿ ಹೇಳಿದಳು: "ಅಜ್ಜೀ, ಅಲ್ಲೊಂದು ಎಮ್ಮಿ ಇತ್ತು, ಥೇಟ್ ನಮ್ಮ ಎಮ್ಮಿ ಹಂಗ!"

ನಾನು ಎಮ್ಮೆಯಂತಿದ್ದೇನೆ ಎಂದು ಬಹಳ ಜನ ಹೇಳಿದ್ದಾರೆ. ಎಮ್ಮೆಯೇ ನನ್ನಂತಿದೆ ಎಂದು ಹೇಳಿದವಳು ಅವಳೊಬ್ಬಳೇ. ಬೇಡವೆಂದು ಬಿಸಾಕಿದ ಸಾಮಾನಿಗೆ ಇದಕ್ಕಿಂತ ದೊಡ್ಡ ಬಾಳು ಇನ್ನೇನು ಬೇಕು!