ಮಣಿಕಟ್ಟಿನ ಚುಕ್ಕೆ

"ಇನ್ನೊಂದು ಬರೆ ಹಾಕಿಬಿಡಿ ದೇಯಿಯಕ್ಕ, ಕಾಮಾಲೆ ಹೋಗ್ಲಿಲ್ಲ" ಎಂದು ನೋಣಯ್ಯ ಎಂಟು ವರ್ಷದ ಕಿನ್ನಿಯನ್ನು ಜಗಲಿಗೆ ದೂಡಿದ. ಕಿನ್ನಿ ಅವನ ಸತ್ತ ಅಕ್ಕನ ಮಗಳು. ಅಳಿಯಸಂತಾನದ ಮನೆಯಲ್ಲಿ ಸೋದರಮಾವನೇ ಯಜಮಾನ. ಅವನನ್ನು ಕೇಳುವ ಗಂಡಸು ಯಾರು?

ಜೆಪ್ಪುವಿನಲ್ಲಿ ಕಾಮಾಲೆಗೆ ಬರೆ ಹಾಕುವವಳು ದೇಯಿ ಒಬ್ಬಳೇ. ಅರಸಿನ ಕೊಂಬನ್ನು ಕೆಂಡಕ್ಕೆ ಹಿಡಿದು ಎಡ ಮಣಿಕಟ್ಟಿನ ಮೇಲೆ ಒಂದು ಚುಕ್ಕೆ, ಅಷ್ಟೆ. ಕಿನ್ನಿಗೂ ಮೂರು ತಿಂಗಳ ಹಿಂದೆ ಹಾಗೇ ಹಾಕಿದ್ದಳು. ತನ್ನ ಕೈಗುಣದ ಬಗ್ಗೆ ಅವಳಿಗೆ ಮಹಾ ಹೆಮ್ಮೆ. ಆ ಹೆಮ್ಮೆಯೇ ಕೆಡಿಸಿದ್ದು. ಹೋದ ತಿಂಗಳು ಶಾಲೆಯ ಪಂಕಜಾಕ್ಷಿ ಟೀಚರು ಬಂದು, "ಕಿನ್ನಿಯ ಮೈಯಲ್ಲಿ ಸುಟ್ಟ ಗಾಯ ಉಂಟು. ನೀವು ಹಾಕಿದ್ದು ಅಂತಾನೆ ಮಾವ. ಹೌದಾ?" ಎಂದು ಕೇಳಿದ್ದರು. ಓದಿದವರಿಗೆ ನಾಟಿ ಮದ್ದೆಂದರೆ ತಾತ್ಸಾರ ಎಂದು ದೇಯಿಗೆ ಮೈ ಉರಿಯಿತು. "ಹೌದು, ನಾನೇ. ಎಂತ ಈಗ?" ಎಂದಳು. ಗಾಯ ಎಲ್ಲಿ ಉಂಟೆಂದು ಕೇಳಲೇ ಇಲ್ಲ.

ಈಗ ಕಿನ್ನಿಯ ರೆಪ್ಪೆ ಎಳೆದು ನೋಡಿದಳು. ಕಣ್ಣು ಬೆಳ್ಳಗೇ ಇತ್ತು.

"ಟೀಚರು ಪುನಃ ಕೇಳ್ಲಿಕ್ಕೆ ಶುರು ಮಾಡಿದ್ದಾರೆ ಮಾರಾಯ್ರೆ" ಎಂದ ನೋಣಯ್ಯ. "ಬರೆ ನಿಮ್ಮದೇ ಅಂತ ಇನ್ನೊಮ್ಮೆ ಹೇಳಿದ್ರೆ ಆಯ್ತು."

ದೇಯಿಗೆ ಏನೋ ಅನುಮಾನ ಬಂತು. ಆದರೂ ರೂಢಿಯಂತೆ ಕೊಂಬನ್ನು ಕೆಂಡಕ್ಕೆ ಹಿಡಿದಳು. ಅದನ್ನು ಕಂಡರೆ ಮಕ್ಕಳು ಓಣಿಯೆಲ್ಲ ಕೇಳುವ ಹಾಗೆ ಕೂಗುತ್ತವೆ, ಇಬ್ಬರು ಹಿಡಿಯಬೇಕು. ಕಿನ್ನಿ ಕೂಗಲಿಲ್ಲ. ಕೈಯನ್ನೂ ಚಾಚಲಿಲ್ಲ. ಜಡೆಯ ತುದಿಯನ್ನು ಬಾಯಿಗೆ ತುರುಕಿಕೊಂಡು, ತಿರುಗಿ ನಿಂತು ಬೆನ್ನು ಕೊಟ್ಟಳು.

ದೇಯಿ ರವಕೆಯ ಹಿಂಬದಿ ಎತ್ತಿದಳು. ಬೆನ್ನಿನ ತುಂಬ ಉದ್ದುದ್ದ ಸುಟ್ಟ ಗೆರೆಗಳು. ಕೆಲವು ಒಣಗಿದ್ದವು, ಒಂದರಿಂದ ಕೀವು ಸೋರುತ್ತಿತ್ತು. ನೋಣಯ್ಯ ಹಂಚಿನ ಕಾರ್ಖಾನೆಯಲ್ಲಿ ಸಲಾಕೆ ಹಿಡಿದು ಬೆಂಕಿ ಕೆದಕುವವನು.

"ಇದೆಂತ ನೋಣಯ್ಯ?"

"ಹೇಳಿದ್ದು ಕೇಳದಿದ್ರೆ ಮತ್ತೆಂತ ಮಾಡುದು? ನಮ್ಮ ಮನೆಯ ಮಗು, ನಿಮಗೆಂತ?" ಅವನು ಕಿನ್ನಿಯ ಜಡೆ ಹಿಡಿದು ಎಳೆದ. ಅವಳ ತಲೆ ಕಂಬಕ್ಕೆ ಬಡಿಯಿತು.

ದೇಯಿ ಉರಿಯುವ ಕೊಂಬನ್ನು ಅವನ ಮಣಿಕಟ್ಟಿಗೆ ಒತ್ತಿ ಹಿಡಿದಳು. ಚರ್ಮ ಚುರ್ರೆಂದಿತು. ಅವನು ಅರಚಿ ಜಡೆ ಬಿಟ್ಟ, ಇನ್ನೊಂದು ಕೈಯಿಂದ ಅವಳ ಮುಖಕ್ಕೆ ಗುದ್ದಿದ. ತುಟಿ ಒಡೆದು ರಕ್ತ ಸುರಿಯಿತು. ಅವಳು ಕೆಂಡದ ಚಟ್ಟಿಯನ್ನೇ ಎತ್ತಿದಳು.

"ಪೊಲೀಸಿಗೆ ಕೊಡ್ತೇನೆ ನಿಮ್ಮನ್ನು" ಎನ್ನುತ್ತ ಅವನು ಅಂಗಳ ದಾಟಿದ.

"ಕೊಡು. ನಾನೂ ಅಲ್ಲಿಗೇ ಬರುವವಳು."

ತನ್ನ ಒಂದು ಮಾತಿಗೆ ಈ ಮಗು ಇನ್ನೂ ಒಂದು ತಿಂಗಳು ಬೆಂದಿತು. ದೇಯಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕಿನ್ನಿಯನ್ನು ಸೊಂಟಕ್ಕೇರಿಸಿಕೊಂಡು ನೇರ ಟೀಚರ ಮನೆಗೆ ನಡೆದಳು.

"ಕೈಯ ಚುಕ್ಕೆ ನನ್ನದು ಟೀಚರೇ, ಬೆನ್ನಿನದ್ದು ಅಲ್ಲ. ಅವತ್ತು ನೋಡದೆ ಹೇಳಿದೆ. ಎಲ್ಲಿ ಬೇಕಾದರೂ ಬಂದು ಹೇಳ್ತೇನೆ."

ಟೀಚರು ಬೈಯಲಿಲ್ಲ. "ಇನ್ನು ಇಲ್ಲೇ ಇರು ಮಗಾ, ಯಾರಿಗೂ ಕೊಡುದಿಲ್ಲ ನಿನ್ನನ್ನು" ಎಂದು ಕಿನ್ನಿಯನ್ನು ಚಾಪೆಯ ಮೇಲೆ ಕೂರಿಸಿದರು. ಮುಸ್ಸಂಜೆಯಾಗಿತ್ತು. ಗಾಯ ನೋಡಲೆಂದು ಚಿಮಿಣಿ ದೀಪಕ್ಕೆ ಕಡ್ಡಿ ಗೀರಿದರು.

ಕಿನ್ನಿ ಎದ್ದು ನಿಂತಳು. ಜಡೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಬೆನ್ನು ತಿರುಗಿಸಿದಳು.

ಟೀಚರು ಕಡ್ಡಿಯನ್ನು ಊದಿ ಆರಿಸಿದರು. ಮೂವರೂ ಕತ್ತಲಲ್ಲೇ ಕೂತರು.