ಗಂಡಿನ ಕಡೆಯವರು

ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ಮಾಜಿ ಗಂಡ ವೀಬೆಗೆ ಯೆಲ್ತ್ಯೆ ಫೋನು ಮಾಡಿದ್ದು ಹಾವಿನ ಸಲುವಾಗಿ. ಬೇರೆ ಯಾವ ಕಾರಣಕ್ಕೂ ಆ ನಂಬರು ಒತ್ತುವವಳಲ್ಲ ಎಂದು ಡ್ರಾಖ್ಟನ್ ಪಟ್ಟಣದ ಬಸ್ ಡಿಪೋದಲ್ಲಿ ತನ್ನ ಜೊತೆಯ ಚಾಲಕರಿಗೆಲ್ಲ ಅವಳೇ ಸಾರಿಕೊಂಡು ಬಂದಿದ್ದಳು.

ಮದುವೆ ಮುರಿದಾಗ ಮಂಚ, ಬೀರು, ಸೈಕಲ್ಲುಗಳ ಜೊತೆ ಹಾವಿನ ಜೋಡಿಯೂ ಪಾಲಾಗಿತ್ತು. ಪಾಪುವಾ ದ್ವೀಪದ ಬೆಟ್ಟಗಳಲ್ಲಿ ಹಿಡಿದು ತಂದ ಕರಿ ಹೆಬ್ಬಾವುಗಳು ಅವು. ಕಪ್ಪು ಮೈ, ಕತ್ತಿನ ಬಳಿ ಬಿಳಿ ಪಟ್ಟಿ ಇದ್ದ ಗಂಡಿಗೆ ಪಾದ್ರಿ ಎಂದು ಹೆಸರು. ಅದನ್ನು ವೀಬೆ ಎತ್ತಿಕೊಂಡು ಹೋದ. ಹೆಣ್ಣು ಮಹಾರಾಣಿ ಯೆಲ್ತ್ಯೆಯ ಹತ್ತಿರ ಉಳಿಯಿತು. ಒಂದು ಜೋಡಿಯನ್ನು ಹೀಗೆ ಹರಿದು ಹಂಚಿಕೊಂಡ ಇಬ್ಬರನ್ನೂ ಹಾವು ಸಾಕುವವರ ಸಂಘದಲ್ಲಿ ಯಾರೂ ಕ್ಷಮಿಸಿರಲಿಲ್ಲ. ಕ್ಷಮಿಸುವಂಥದ್ದೂ ಅಲ್ಲ ಬಿಡಿ.

ಈಗ ಫೆಬ್ರವರಿಯಲ್ಲಿ ಪಶುವೈದ್ಯೆ ಮಹಾರಾಣಿಯ ಹೊಟ್ಟೆಯ ಸ್ಕ್ಯಾನ್ ಮಾಡಿ, ಒಳಗೆ ಮೊಟ್ಟೆಗಳು ಬಲಿಯುತ್ತಿವೆ ಎಂದಿದ್ದಳು. ಐದಾರು ವಾರದಲ್ಲಿ ಗಂಡು ಕೂಡದಿದ್ದರೆ ಅವೆಲ್ಲ ಮೈಯಲ್ಲೇ ಕರಗಿಹೋಗುತ್ತವೆ, ಹಾವಿಗೂ ವಯಸ್ಸಾಯಿತು, ಇನ್ನೊಂದು ಸಲ ಬಲಿಯುತ್ತವೆ ಅನ್ನುವ ನಂಬಿಕೆ ತನಗಿಲ್ಲ ಎಂದೂ ಹೇಳಿದ್ದಳು.

ಯೆಲ್ತ್ಯೆಗೆ ಮರಿಗಳ ಆಸೆಗಿಂತ ಹೆಚ್ಚಿನದೊಂದು ಇತ್ತು. ಹತ್ತು ವರ್ಷದ ಹಿಂದೆ ಆಮದು ಮಾಡುವವನ ಗೋದಾಮಿನಲ್ಲಿ ಬಟ್ಟೆಯ ಚೀಲ ಬಿಚ್ಚಿದಾಗ ಮಹಾರಾಣಿಯ ಮೂತಿ ಹಸಿ ಗಾಯವಾಗಿತ್ತು. ತಪ್ಪಿಸಿಕೊಳ್ಳಲು ದಾರಿಯುದ್ದಕ್ಕೂ ಪೆಟ್ಟಿಗೆಗೆ ಮೂತಿ ಉಜ್ಜಿಕೊಂಡು ಬಂದಿತ್ತು. ಗಾಯ ಮಾಯಿತು, ಕಲೆ ಹೋಗಲಿಲ್ಲ. ನೀರು ಬದಲಿಸುವಾಗಲೆಲ್ಲ ಅವಳ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಕಾಗದಪತ್ರ ಎಲ್ಲ ಸರಿಯಾಗಿಯೇ ಇದ್ದವು, ಆದರೂ ಮನಸ್ಸು ಕಚ್ಚುತ್ತಿತ್ತು. ಇಲ್ಲೇ ಮರಿಗಳಾದರೆ ಸಂಘದವರು ಮುಂದೆ ಬೆಟ್ಟದ ಹಾವಿಗೆ ಕೈಚಾಚುವುದು ತಪ್ಪುತ್ತದೆ, ತಾನು ಮಾಡಿದ್ದಕ್ಕೆ ಅಷ್ಟಾದರೂ ಆಗಲಿ ಎಂಬುದು ಅವಳ ಹಂಬಲ.

ವೀಬೆ ಮರುದಿನವೇ ಬಂದ, ಪಾದ್ರಿಯನ್ನಿಟ್ಟ ಥರ್ಮೋಕೋಲ್ ಪೆಟ್ಟಿಗೆ ತಬ್ಬಿಕೊಂಡು. ಕೊಳಾಯಿ ಕೆಲಸದವನು. ಕೈ ಸುಮ್ಮನಿರದ ಮನುಷ್ಯ. ಇನ್ನೂ ಕೋಟು ಬಿಚ್ಚಿರಲಿಲ್ಲ, ಆಗಲೇ ಹಾವಿನ ಕೋಣೆಯ ಶಾಖದ ಗುಂಡಿಗೆ ಬೆರಳು ಹೋಗಿತ್ತು.

"ಕೈ ತೆಗಿ," ಅಂದಳು ಯೆಲ್ತ್ಯೆ.

ಅವರ ಸಂಸಾರ ಒಡೆದದ್ದು ಇಷ್ಟಕ್ಕೇ ಎಂದರೆ ಯಾರೂ ನಂಬುವುದಿಲ್ಲ. ಅವಳು ಇಟ್ಟ ಒಲೆಯ ಉರಿ, ಅವಳು ಹಾಕಿದ ಪರದೆ, ಅವಳು ನೆಟ್ಟ ಟ್ಯೂಲಿಪ್ ಗೆಡ್ಡೆ ಯಾವುದನ್ನೂ ಅವನು ಅದರ ಪಾಡಿಗೆ ಬಿಟ್ಟವನಲ್ಲ. ಗೆಡ್ಡೆ ಚಿಗುರಿದೆಯೇ ಎಂದು ಮಣ್ಣು ಕೆದಕಿ ನೋಡುತ್ತಿದ್ದ. ಜೋಡಿ ಒಟ್ಟಿಗಿದ್ದ ಆರು ವರ್ಷವೂ ಹಾವುಗಳು ಕೂಡಿದವೇ ಎಂದು ಗಂಟೆಗೊಮ್ಮೆ ಮುಚ್ಚಳ ತೆಗೆದು ಇಣುಕಿದ್ದ. ಪಾದ್ರಿಯಾದರೂ ಏನು ಮಾಡಿಯಾನು?

ಸಂಘದ ಪದ್ಧತಿಯಂತೆ ಮಾತಾಯಿತು. ಗಂಡು ಹಾವು ತಂದವರಿಗೆ ಮರಿಗಳಲ್ಲಿ ಮೊದಲ ಆಯ್ಕೆ. ಆದರೆ ಯಾವ ಮರಿಯೂ ಮೂರು ಸಲ ಇಲಿ ತಿನ್ನದೆ ಹುಟ್ಟಿದ ಮನೆಯ ಹೊಸಿಲು ದಾಟುವಂತಿಲ್ಲ.

"ಗಂಡಿನ ಕಡೆಯವರು ಅಂತ ಜಂಬ ಮಾಡಬೇಡ, ಮೊದಲು ನಿನ್ನ ಹಾವು ಕೆಲಸ ಮಾಡ್ಲಿ," ಅಂದಳು ಯೆಲ್ತ್ಯೆ.

ಹಾವು ಕೆಲಸ ಮಾಡಲಿಲ್ಲ. ಪಾದ್ರಿ ಮೂಲೆಯಲ್ಲಿ ಸುರುಳಿ ಸುತ್ತಿ, ಉಪದೇಶ ಮುಗಿಸಿದವನ ಗಾಂಭೀರ್ಯದಲ್ಲಿ ಮಲಗಿತು. ರಾತ್ರಿ ಬೆಟ್ಟದ ಚಳಿಯಿರಲೆಂದು ಕಿಟಕಿ ತೆರೆದಿಟ್ಟರು, ಹಗಲು ಮಳೆಯ ಹಾಗೆ ನೀರು ಚಿಮುಕಿಸಿದರು. ಮೂರು ವಾರವಾದರೂ ಅದು ಮಹಾರಾಣಿಯತ್ತ ತಲೆ ಕೂಡ ಹೊರಳಿಸಲಿಲ್ಲ. ಇನ್ನು ಉಳಿದದ್ದು ಎರಡೋ ಮೂರೋ ವಾರ. ಯೆಲ್ತ್ಯೆಗೆ ಊಟ ಸೇರದಾಯಿತು.

ಕೊನೆಗೆ ಅವಳು ಡೌವೆಯನ್ನು ಕರೆಸಿದಳು. ಸಂಘದ ಹಿರಿಯ, ಹೆಂಡತಿ ತೀರಿಕೊಂಡವನು. ಅವನ ಹತ್ತಿರ ಇದೇ ಜಾತಿಯ ಇನ್ನೊಂದು ಗಂಡಿತ್ತು. ಅದು ಆಗತಾನೇ ಬಿಟ್ಟ ಪೊರೆಯನ್ನು ಬ್ರೆಡ್ಡಿನ ಚೀಲದಲ್ಲಿ ಹಾಕಿಕೊಂಡು, ಯಾಕೋ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು ಬಂದ. ಈ ಮೂರು ವಾರವೂ ವೀಬೆ ಬಂದು ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಕಾಫಿಗೆ ಬಿಸ್ಕತ್ತು ಅದ್ದಿದ.

"ಇನ್ನೊಬ್ಬ ಗಂಡಿನ ವಾಸನೆ ಬರಬೇಕು, ಆಗ ನಿಮ್ಮ ಪಾದ್ರಿಗೆ ಎಚ್ಚರ ಆಗುತ್ತೆ. ಪೈಪೋಟಿ ಇಲ್ಲದಿದ್ರೆ ಗಂಡಸು ಮೈಮರೀತಾನೆ," ಅಂದ ಡೌವೆ.

ಬಾಗಿಲ ಬಳಿ ನಿಂತಿದ್ದ ವೀಬೆ ಯಾವ ಗಂಡಸಿನ ಮಾತೆಂದು ಕೇಳಲಿಲ್ಲ. ಕುರ್ಚಿಯನ್ನೇ ನೋಡುತ್ತಿದ್ದ.

ಪೊರೆಯನ್ನು ಗೂಡಿನೊಳಗೆ ಹಾಸಿ ಐದು ನಿಮಿಷವಾಗಿಲ್ಲ, ಪಾದ್ರಿಯ ನಾಲಗೆ ಒಂದೇ ಸಮನೆ ಆಡತೊಡಗಿತು. ಸುರುಳಿ ಬಿಚ್ಚಿತು. ಎದುರಾಳಿಯನ್ನು ಹುಡುಕಿ ಗೂಡೆಲ್ಲ ಸುತ್ತಿ, ಯಾರೂ ಸಿಗದೆ, ಮಹಾರಾಣಿಯ ಬೆನ್ನ ಮೇಲೆ ಗದ್ದ ಊರಿತು. ಮೂವರೂ ತುದಿಗಾಲಲ್ಲಿ ಹೊರಗೆ ಬಂದರು. ಮಾರನೆಯ ದಿನ ವೀಬೆಯೂ ಗಡ್ಡ ಬೋಳಿಸಿಕೊಂಡು ಬಂದ. ಯೆಲ್ತ್ಯೆ ನೋಡಿಯೂ ನೋಡದವಳಂತೆ ಇದ್ದಳು. ಒಳಗೊಳಗೇ ನಗು ಬಂದದ್ದು ನಿಜ.

ಮೇ ತಿಂಗಳ ಒಂದು ಮುಂಜಾನೆ ಮಹಾರಾಣಿ ಹನ್ನೊಂದು ಮೊಟ್ಟೆ ಇಟ್ಟು, ಅವನ್ನು ಗೋಪುರದ ಹಾಗೆ ಒಟ್ಟಿ, ಸುತ್ತಲೂ ಬಿಗಿಯಾಗಿ ಸುರುಳಿ ಹಾಕಿತು. ವೀಬೆ ತಾನೇ ಮಾಡಿದ ಕಾವು ಪೆಟ್ಟಿಗೆ ಹೊತ್ತು ಬಂದ. ಮೊಟ್ಟೆ ಎತ್ತಿ ಅದರಲ್ಲಿಡಬೇಕು, ಹಾವನ್ನು ನಂಬುವ ಹಾಗಿಲ್ಲ ಎಂದು ವಾದಿಸಿದ. ಯೆಲ್ತ್ಯೆ ಅವನನ್ನು ಗಾಜಿನ ಹತ್ತಿರ ಕರೆದಳು. ಮಹಾರಾಣಿಯ ಮೈ ಅಲೆಅಲೆಯಾಗಿ ನಡುಗುತ್ತಿತ್ತು. ನಡುಗಿ ನಡುಗಿ ಶಾಖ ಹುಟ್ಟಿಸಿ ಮೊಟ್ಟೆಗೆ ಕೊಡುತ್ತಿತ್ತು.

"ಅವಳಿಗೆ ಗೊತ್ತು. ನೀನು ಸುಮ್ನಿರು, ವೀಬೆ. ಒಂದೇ ಒಂದು ಸಲ ಸುಮ್ನಿದ್ದು ನೋಡು."

ವೀಬೆ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟ. ಮುಂದಿನ ಎರಡು ತಿಂಗಳು ದಿನಾ ಬಂದ, ಗಾಜಿನ ಮುಂದೆ ಕೂತ, ಏನನ್ನೂ ಮುಟ್ಟಲಿಲ್ಲ. ಕೈ ತುರಿಸಿದಾಗ ಅವಳ ಅಡುಗೆಮನೆಯ ಸೋರುವ ನಲ್ಲಿ ರಿಪೇರಿ ಮಾಡಿದ. ಅದಕ್ಕೆ ಅವಳ ಅಪ್ಪಣೆ ಕೇಳಿಯೇ ಮಾಡಿದ. ಯೆಲ್ತ್ಯೆಗೆ ನಲ್ಲಿಗಿಂತ ಆ ಕೇಳಿದ್ದೇ ದೊಡ್ಡದೆನಿಸಿತು.

ಜುಲೈ ಕೊನೆಯಲ್ಲಿ ಒಂಬತ್ತು ಮೊಟ್ಟೆ ಬಿರಿದವು, ಎರಡು ಕೆಟ್ಟವು. ಮೊದಲ ಮರಿ ಇಟ್ಟಿಗೆ ಬಣ್ಣದ ತಲೆ ಹೊರಗಿಟ್ಟು ಕೋಣೆಯನ್ನು ನೋಡಿತು. ಯೆಲ್ತ್ಯೆ ಕನ್ನಡಕ ಹಾಕಿಕೊಂಡು ಅದರ ಮೂತಿಯನ್ನು ನೋಡಿದಳು. ಒಂದು ಗೀರೂ ಇರಲಿಲ್ಲ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು. ವೀಬೆ ಕಾರಣ ಕೇಳಲಿಲ್ಲ. ಆ ಚೀಲ ಬಿಚ್ಚಿದ ದಿನ ಅವನೂ ಪಕ್ಕದಲ್ಲೇ ಇದ್ದನಲ್ಲ.

ಅಕ್ಟೋಬರಿನಲ್ಲಿ ಆಯ್ಕೆಯ ದಿನ ಬಂತು. ಎಂಟು ಮರಿಗಳು ಮೂರು ಮೂರು ಸಲ ತಿಂದು ದುಂಡಗಾಗಿದ್ದವು. ಒಂಬತ್ತನೆಯದು ಎಲ್ಲಕ್ಕಿಂತ ಸಣ್ಣದು, ಕೊನೆಗೆ ಹುಟ್ಟಿದ್ದು. ಹಿಂದಿನ ವಾರವಷ್ಟೇ ಮೊದಲ ಇಲಿ ನುಂಗಿತ್ತು. ವೀಬೆ ಒಂದೊಂದೇ ಡಬ್ಬಿಯ ಮುಂದೆ ಬಗ್ಗಿ, ಹೆಣ್ಣು ನೋಡಲು ಬಂದವರ ಹಾಗೆ ಗಂಭೀರವಾಗಿ ನೋಡುತ್ತಾ ಹೋದ. ಕೊನೆಯ ಡಬ್ಬಿಯ ಮೇಲೆ ಬೆರಳಿಟ್ಟ.

"ಇದು."

"ಅದನ್ನ ಈಗಲೇ ಕೊಡಕ್ಕಾಗಲ್ಲ. ಇನ್ನೂ ಎರಡು ಸಲ ತಿನ್ನಬೇಕು. ಚಳಿಗಾಲ ಪೂರ್ತಿ ಹಿಡಿದ್ರೂ ಹಿಡೀಬಹುದು," ಅಂದಳು ಯೆಲ್ತ್ಯೆ.

"ಗೊತ್ತು," ಅಂದ ವೀಬೆ.

ಯೆಲ್ತ್ಯೆ ಅವನನ್ನೇ ನೋಡಿದಳು. ಅವನ ಎರಡು ಕೈಯೂ ಜೇಬಿನಲ್ಲಿದ್ದವು. ಅವಳು ಕಾಫಿಗೆ ನೀರಿಟ್ಟು, ಅವನ ಕುರ್ಚಿಯ ಮೇಲಿದ್ದ ಹಳೇ ಪೇಪರುಗಳನ್ನು ತೆಗೆದು ಕೆಳಗಿಟ್ಟಳು.