ಕೇತವ್ವೆಯ ಕಲ್ಲು

ನಾನೊಂದು ಮಾಸ್ತಿಕಲ್ಲು. ಗಂಡನ ಚಿತೆಯಲ್ಲಿ ಬೆಂದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಕಲ್ಲು. ಅವಳ ಹೆಸರು ಕೇತವ್ವೆ. ದನ ಹೊಡೆದೊಯ್ಯಲು ಬಂದವರೊಡನೆ ಕಾದಾಡಿ ಅವಳ ಗಂಡ ಸತ್ತಾಗ ನಾನಿನ್ನೂ ಕೆರೆಯ ಏರಿಯ ಮೇಲೆ ಬಿದ್ದಿದ್ದ ಬರಿಯ ಚಪ್ಪಡಿ. ಕೇತವ್ವೆ ಚಿತೆಯ ಬಳಿಯಿಂದ ಓಡಿಬಂದು ನನ್ನನ್ನು ತಬ್ಬಿಕೊಂಡಳು. "ನಾನೊಲ್ಲೆ, ನಾನೊಲ್ಲೆ" ಎಂದು ಕೂಗಿದಳು. ಮೈದುನಂದಿರು ಅವಳ ಬೆರಳುಗಳನ್ನು ಬಿಡಿಸಿ ಎಳೆದೊಯ್ದರು. ಕೂಗು ಊರಿಗೆ ಕೇಳದಂತೆ ಡೊಳ್ಳು ಬಡಿದರು.

ಶಿಲ್ಪಿ ಮಾಬೋಜ ಅದನ್ನು ಕಣ್ಣಾರೆ ಕಂಡಿದ್ದ. ನನ್ನ ಮೇಲೆ ಅವಳನ್ನು ಕಡೆಯುತ್ತ ಮುಖದ ಬಳಿ ಬಂದಾಗ ಅವನ ಕೈ ನಿಂತಿತು. "ನಗುತ್ತಿರಲಿ" ಎಂದ ಅವಳ ಮಾವ. ಮಾಬೋಜ ನಗುವನ್ನೇ ಕಡೆದ. ಕೆಳಗೆ ಗಂಡ ಹೆಂಡಿರ ಹೆಸರು, ತಿಥಿ ಬರೆದ. ಅಷ್ಟೇ.

ಕಂಡವರೆಲ್ಲ ಸತ್ತರು. ನೂರಾರು ವರ್ಷ ಎಮ್ಮೆಗಳು ನನಗೆ ಮೈ ಉಜ್ಜಿಕೊಂಡವು.

ಒಂದು ದಿನ ಇತಿಹಾಸದ ಪ್ರೊಫೆಸರ್ ಚನ್ನವೀರಪ್ಪ ಬಂದರು. ಒದ್ದೆ ಕಾಗದ ಹಚ್ಚಿ, ಮಸಿ ಸವರಿ ನನ್ನ ಅಕ್ಷರಗಳ ಅಚ್ಚು ತೆಗೆದರು. ಜೊತೆಗೆ ಕಾದಂಬರಿ ಬರೆಯುವ ತಂಗಿ ನೀಲಾಂಬಿಕೆ ಇದ್ದಳು. ಅವಳು ಅಕ್ಷರ ಬಿಟ್ಟು ಕೇತವ್ವೆಯ ಮುಖವನ್ನೇ ನೋಡುತ್ತಿದ್ದಳು.

"ಅಣ್ಣಾ, ಈಕಿಗೆ ಸಾಯೂ ಮನಸ್ಸಿತ್ತೇನು?"

"ಗೊತ್ತಿಲ್ಲವ್ವಾ. ಕಲ್ಲಿನ್ಯಾಗ ಬರದಿಲ್ಲ."

"ಇದ್ದಿಲ್ಲ ಅಂತ ನನ್ನ ಜೀವ ಹೇಳತೈತಿ."

"ನಿನ್ನ ಜೀವ ಆಧಾರ ಆಗೂದಿಲ್ಲ, ನೀಲಾ."

ಮುಂದಿನ ಬೇಸಿಗೆಯಲ್ಲಿ ಅವಳು ತಾನು ಬರೆದ ಹಾಳೆಗಳನ್ನು ತಂದು, ಅಣ್ಣನೆದುರು, ಊರ ಹಿರಿಯರೆದುರು, ನನ್ನ ಪಕ್ಕದಲ್ಲೇ ಕುಳಿತು ಓದಿದಳು. ಅವಳ ಕಥೆಯ ಹೆಂಗಸು ಓಡುತ್ತಿದ್ದಳು. ಯಾರೂ ಹೇಳದೆ ಇವಳಿಗೆ ಹೇಗೆ ತಿಳಿಯಿತು!

ಹಿರಿಯರು ಸಿಟ್ಟಾಗಿ ಎದ್ದರು. "ನಮ್ಮ ಮಾಸ್ತೆವ್ವ ಓಡಿದ್ಲಂತ ಬರೀತಿಯೇನವಾ? ಸಾಹೇಬ್ರ, ನೀವ ಹೇಳ್ರಿ, ಹಂಗಂತ ಎಲ್ಲೆರ ಬರದೈತೇನ್ರಿ?"

ಚನ್ನವೀರಪ್ಪ ತಂಗಿಯ ಮುಖ ನೋಡಿದರು. ಅವರು ಸುಳ್ಳಾಡುವವರಲ್ಲ. "ಇಲ್ಲ" ಎಂದರು.

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಆದರೆ ಜನಕ್ಕೆ ಅಷ್ಟೇ ಸಾಕಾಗಿತ್ತು. ನೀಲಾಂಬಿಕೆ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದಳು. ಆ ಕಾದಂಬರಿ ಕೊನೆಗೂ ಹೊರಬರಲಿಲ್ಲ.

ಊರವರು ನನಗೆ ಗುಡಿ ಕಟ್ಟಿದರು. 'ನಗುನಗುತ್ತಾ ಅಗ್ನಿ ಪ್ರವೇಶಿಸಿದ ಮಹಾತಾಯಿ' ಎಂದು ಬೋರ್ಡು ಹಾಕಿದರು. ಅದಕ್ಕೆ ಆಧಾರವೇನೆಂದು ಒಬ್ಬರೂ ಕೇಳಲಿಲ್ಲ.

ತಂಗಿ ತೀರಿಕೊಂಡ ಮೇಲೆ ಚನ್ನವೀರಪ್ಪ ಒಬ್ಬರೇ ಒಮ್ಮೆ ಬಂದರು. ಬೋರ್ಡನ್ನು ಎರಡೆರಡು ಸಲ ಓದಿದರು. "ನಕ್ಕೋತ ಹೋದ್ಲಂತನೂ ಕಲ್ಲಿನ್ಯಾಗ ಬರದಿಲ್ಲ. ಅವತ್ತ ನಾ ಇಷ್ಟರ ಅನ್ನಬೇಕಿತ್ತು" ಎಂದರು. ಪೂಜಾರಿಗೆ ಕಿವಿ ಮಂದ. ಅವನು ತೀರ್ಥ ಕೊಟ್ಟ.

ಈಗ ಪ್ರತಿ ಅಮಾವಾಸ್ಯೆ ನನಗೆ ಎಣ್ಣೆ, ಕುಂಕುಮ. ಜಿಡ್ಡು ಕಟ್ಟಿ ಅಕ್ಷರಗಳು ಮುಚ್ಚಿಹೋಗಿವೆ. ಇನ್ನು ಅವಳ ಹೆಸರನ್ನೂ ಓದಲಾಗದು. ಮೊನ್ನೆ ಒಬ್ಬ ಅತ್ತೆ ಹೊಸ ಸೊಸೆಯ ತಲೆಯನ್ನು ನನ್ನೆದುರು ಒತ್ತಿ ಬಗ್ಗಿಸಿ, "ಈ ತಾಯಿ ಹಂಗ ಬಾಳ್ವೆ ಮಾಡ್ತೀನಿ ಅನ್ನು" ಎಂದಳು.

ಹುಡುಗಿ ಅಂದಳು.